ಒಲೆಯ ಮಗ್ಗುಲಿನ ದೇವಿ

ನಮ್ಮಪ್ಪನ ಎಡಗೈ ಮುರಿದವರು ಹೊರಗಿನವರಲ್ಲ. ಅವನ ಸ್ವಂತ ಅಣ್ಣ, ಜೊತೆಗೆ ನಮ್ಮದೇ ಕೇರಿಯ ಹುಡುಗರು. ನಾನು ಆಗ ಒಂಬತ್ತನೇ ತರಗತಿಯಲ್ಲಿದ್ದೆ. ನಮ್ಮ ಊರು ಹಾನಗಲ್ಲ ತಾಲೂಕಿನದು. ಶಾಲೆಗೆ ಅಕ್ಕಿಆಲೂರಿಗೆ ಹೋಗುತ್ತಿದ್ದೆ. ಅದೇ ಬಸ್ಸಿನಲ್ಲಿ ಅಪ್ಪನೂ ಬರುತ್ತಿದ್ದ, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ ಕೆಲಸಕ್ಕೆ.

ಅದರ ಹಿಂದಿನ ವರ್ಷ ಅಪ್ಪ ಬೌದ್ಧನಾಗಿದ್ದ. ಗಿರಣಿಯ ಗೆಳೆಯರ ಜೊತೆ ಹಾವೇರಿಯ ಒಂದು ಕಾರ್ಯಕ್ರಮಕ್ಕೆ ಹೋದವನು ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಬುದ್ಧನ ಫೋಟೋ ಇಟ್ಟುಕೊಂಡು ಬಂದ. ಬಂದವನೇ ದೇವರ ಜಗಲಿಯ ಮೇಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿದ. ಅವ್ವ ಅಡ್ಡ ಬರಲಿಲ್ಲ. ಒಂದು ಹಿತ್ತಾಳೆಯ ಮುಖವನ್ನು ಮಾತ್ರ ಅವನ ಕೈಯಿಂದ ತೆಗೆದುಕೊಂಡಳು. ಅಂಗೈಯಗಲದ ದೇವಿಯ ಮುಖ ಅದು, ದೊಡ್ಡ ಕಣ್ಣು, ಸಣ್ಣ ಮೂಗು.

“ಇದು ನಿಮ್ಮ ಮನಿದಲ್ರಿ. ನಮ್ಮವ್ವ ನನಗ ಕೊಟ್ಟದ್ದು” ಅಂದಳು.

ಅಪ್ಪ ಚೀಲದ ಬಾಯಿ ಕಟ್ಟಿದ. “ಇರ್ಲಿ. ಮಂದಿಗೆ ಕಾಣಬಾರದು ಅಷ್ಟ” ಅಂದ. ಉಳಿದ ದೇವರುಗಳು ಕೆರೆಗೆ ಹೋದವು. ಆ ಮುಖ ಒಲೆಯ ಮಗ್ಗುಲಿನ ಗೂಡು ಸೇರಿತು.

ಅವತ್ತಿನಿಂದ ಅಪ್ಪ ಕುಡಿಯುವುದನ್ನು ಬಿಟ್ಟ. ಸಂಜೆ ನನ್ನ ಪುಸ್ತಕ ಹಿಡಿದು, ಅಕ್ಷರದ ಮೇಲೆ ಬೆರಳಿಟ್ಟು, ತಾನೂ ಓದಲು ಕಲಿಯತೊಡಗಿದ. ಅಜ್ಜ ಬಾರಿಸುತ್ತಿದ್ದ ಹಲಗೆಯನ್ನು ಗೂಟದಿಂದ ಇಳಿಸಿ ದೊಡ್ಡಪ್ಪನಿಗೆ ಕೊಟ್ಟುಬಂದ. “ಹೆಣದ ಮುಂದ, ದೇವ್ರ ಮುಂದ, ಗೌಡ್ರ ಮುಂದ ಬಾರ್ಸಿ ಬಾರ್ಸಿ ನಮ್ಮಪ್ಪನ ಬೆನ್ನ ಗೂನ ಆತು. ನನ್ನ ಬೆನ್ನ ನೆಟ್ಟಗ ಇರ್ಲಿ” ಎಂದು ನನಗೆ ಹೇಳಿದ. ಬಸ್ಸಿನಲ್ಲಿ ಅವನ ಪಕ್ಕ ಕುಳಿತಾಗ ನನಗೆ ಹೆಮ್ಮೆಯಾಗುತ್ತಿತ್ತು. ಅಲ್ಲಿಯವರೆಗೆ ಅವನ ಬಾಯಿಯ ವಾಸನೆಗೆ ಹೆದರಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದವಳು ನಾನು.

ಕೇರಿಯ ದೇವಿಗೆ ಕುರಿ ಕೊಯ್ಯುವ ವಾರ ಬಂತು. ಪ್ರತಿ ಮನೆಯವರೂ ಪಟ್ಟಿ ಹಣ ಕೊಡಬೇಕು. ನಮ್ಮ ಮನೆತನದವರು ಕುರಿಯ ಮುಂದೆ ಹಲಗೆ ಬಾರಿಸುತ್ತ ಗುಡಿಯವರೆಗೆ ನಡೆಯಬೇಕು. ಅಪ್ಪ ಎರಡಕ್ಕೂ ಒಲ್ಲೆ ಎಂದು ಮೊದಲೇ ಹೇಳಿ ಕಳಿಸಿದ್ದ. ಬೆಳಗ್ಗೆ ದೊಡ್ಡಪ್ಪ ಹುಡುಗರನ್ನು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದ. ಹೆಗಲಲ್ಲಿ ಅದೇ ಹಲಗೆ.

“ತೊಗೊ. ಕುರಿ ನಿಂತೈತಿ” ಅಂದ.

“ಅಣ್ಣಾ, ನಿಮ್ಮ ದೇವ್ರು, ನಿಮ್ಮ ಕುರಿ. ನಾ ಮಾಡಬ್ಯಾಡ್ರಿ ಅನ್ನಾಕತ್ತಿಲ್ಲ. ನನ್ನೊಬ್ಬನ್ನ ಬಿಟ್ಟಬಿಡ್ರಿ.”

“ನೀ ಏನ್ ಆಕಾಶದಿಂದ ಉದುರಿಯೇನ್ಲೇ? ಕೇರಿಗೆಲ್ಲ ಒಂದು ಪದ್ಧತಿ, ನಿನಗೊಂದು ಪದ್ಧತಿ? ಇವತ್ತ ನೀ ಬಿಟ್ರ ನಾಳೆ ಎಲ್ಲಾರೂ ಬಿಡ್ತಾರ. ಆಮ್ಯಾಲೆ ಊರಾಗ ನಮ್ಮನ್ನ ಯಾರ್ ಕೇಳ್ತಾರ?”

ಮಾತು ಮುಗಿಯುವ ಮೊದಲೇ ಹಲಗೆಯ ಹಗ್ಗವನ್ನು ಅಪ್ಪನ ಕೊರಳಿಗೆ ಹಾಕಿದ. ಅಪ್ಪ ಅದನ್ನು ತೆಗೆದು, ನೆಲಕ್ಕೆ ಬಿಸಾಡದೆ, ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಮೊದಲ ಏಟು ಬಿದ್ದದ್ದು ಆಗ. ದೊಡ್ಡಪ್ಪನ ಕೈ ಅಪ್ಪನ ಕಿವಿಗೆ ಬಡಿದ ಸಪ್ಪಳಕ್ಕೆ ಮಾಳಿಗೆಯ ಮೇಲಿನ ಕೋಳಿ ಹಾರಿತು. ಅಪ್ಪ ತಿರುಗಿ ಹೊಡೆಯಲಿಲ್ಲ. ಮತ್ತೆ ಹಲಗೆ ಕೊರಳಿಗೆ ಬಂತು, ಮತ್ತೆ ತೆಗೆದ. ಆಮೇಲೆ ಎಲ್ಲರೂ ಮೇಲೆ ಬಿದ್ದರು. ಬಡಿಗೆ, ಚಪ್ಪಲಿ, ಕಾಲು, ಯಾವುದು ಯಾರದು ತಿಳಿಯಲಿಲ್ಲ. ಬಿಳಿ ಅಂಗಿಯ ಬೆನ್ನು ಸೀಳಿ ಚರ್ಮ ಕಂಡಿತು. ಅವ್ವ ಒಳಗಿನಿಂದ ಓಡಿಬಂದು ಅವನ ಮೇಲೆ ಅಡ್ಡ ಬಿದ್ದಳು. ಅವಳ ತುರುಬು ಹಿಡಿದು ಎಳೆದು ಬಚ್ಚಲ ಕಡೆ ದಬ್ಬಿದರು. ಎದ್ದು ಬಂದಳು. ಹೊಟ್ಟೆಗೆ ಒದ್ದರು. ಮತ್ತೆ ತೆವಳಿಕೊಂಡು ಬಂದು ಅಪ್ಪನ ತಲೆಯನ್ನು ತನ್ನ ಎದೆಯಡಿ ಮುಚ್ಚಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ಕೂಗುತ್ತಿದ್ದೆ. ಒಬ್ಬ ಹುಡುಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ.

“ಬಾರ್ಸಾಕ ಒಲ್ಲೆ ಅನ್ನೂದು ಈ ಕೈ ಅಲ್ಲೇನು?” ಎಂದ ದೊಡ್ಡಪ್ಪ. ಇಬ್ಬರು ಅಪ್ಪನ ಎಡಗೈಯನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಡಿದರು. ದೊಡ್ಡಪ್ಪ ಬಡಿಗೆ ಎತ್ತಿದ. ಒಣ ಪುಳ್ಳೆ ಮುರಿದಂಥ ಸದ್ದು. ಅಷ್ಟೂ ಹೊಡೆತಕ್ಕೆ ತುಟಿ ಬಿಚ್ಚದ ಅಪ್ಪ ಆಗ ಕೂಗಿದ. ಆ ಕೂಗಿಗೆ ಮಂದಿ ತಾನಾಗಿ ಹಿಂದೆ ಸರಿಯಿತು. ದೊಡ್ಡಪ್ಪ ಹಲಗೆ ಎತ್ತಿಕೊಂಡು ತಾನೇ ಬಾರಿಸುತ್ತ ನಡೆದ. ಹಿಂದೆ ಕುರಿ ಹೋಯಿತು, ಕುರಿಯ ಹಿಂದೆ ಕೇರಿ ಹೋಯಿತು.

ಹಾನಗಲ್ಲಿನ ದವಾಖಾನೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಅಪ್ಪ ಪೊಲೀಸರಿಗೆ ಫಿರ್ಯಾದು ಕೊಡಲಿಲ್ಲ. “ಒಂದ ತಾಯಿ ಹೊಟ್ಟ್ಯಾಗ ಹುಟ್ಟೀವಿ. ಅವನ್ನ ಜೈಲಿಗೆ ಕಳಿಸಿ ನಾ ಏನ್ ಗೆದ್ದಂಗಾತು?” ಎಂದ. ಆದರೆ ಬಗ್ಗಲೂ ಇಲ್ಲ. ಮುಖ ಊದಿಕೊಂಡೇ ಕೇರಿಯ ನಡುವಿನಿಂದ ನಡೆದು ಬಂದ.

ಮುಂದಿನ ದಿನಗಳು ಕೆಟ್ಟವು. ಚೀಲ ಹೊರಲು ಆಗದೆ ಗಿರಣಿಯ ಕೆಲಸ ನಿಂತಿತು. ಭತ್ತ ನಾಟಿ ಮಾಡುವ ಹೆಂಗಸರ ಗುಂಪು ಅವ್ವನನ್ನು ಕರೆಯುವುದನ್ನು ಬಿಟ್ಟಿತು. ಅವಳು ಬೆಳಕು ಹರಿಯುವ ಮುಂಚೆ ಎದ್ದು ಪಕ್ಕದ ಊರಿಗೆ ನಡೆದುಹೋಗಿ, ಗುರುತಿಲ್ಲದ ಗುಂಪಿನಲ್ಲಿ ನಿಂತು ನಾಟಿ ಮಾಡಿ ಬರುತ್ತಿದ್ದಳು. ನಡುವೆ ಒಂದೊಂದು ಸಲ ಒದೆತ ಬಿದ್ದ ಹೊಟ್ಟೆಯನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅಪ್ಪನಿಗೆ ಒಂದು ಮಾತು ಅಂದವಳಲ್ಲ. ಅವನು ಮಲಗಿದ ಮೇಲೆ ಒಲೆಯ ಮಗ್ಗುಲಿನ ಗೂಡಿನಲ್ಲಿ ದೀಪ ಹಚ್ಚಿ, “ಕೈ ಕೂಡ್ಲಿ ತಾಯಿ, ಅಂವ ಮತ್ತ ಚೀಲ ಹೊರಂಗ ಆಗ್ಲಿ” ಎಂದು ಬೇಡುತ್ತಿದ್ದಳು.

ಆ ದೀಪ ಹಿತ್ತಲ ಕಿಟಕಿಯಿಂದ ಯಾರಿಗೋ ಕಂಡಿತು. ಒಂದು ಮಧ್ಯಾಹ್ನ ಅಪ್ಪ ನಳದ ಹತ್ತಿರ ಒಂದೇ ಕೈಯಲ್ಲಿ ಕೊಡ ತುಂಬುತ್ತಿದ್ದಾಗ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ: “ಊರಿಗೆಲ್ಲ ಬುದ್ಧಿ ಹೇಳ್ತಾನ, ಮನ್ಯಾಗ ಹೆಂಡ್ತಿ ದೀಪ ಹಚ್ಚತಾಳ. ಹೆಂಡ್ತೀನ್ನ ಹಿಡಿತದಾಗ ಇಟ್ಕೊಳ್ಳಾಕ ಬರದಾಂವ ಕೇರಿ ಪದ್ಧತಿ ಮುರೀತಾನಂತ!” ನೀರು ಹಿಡಿಯಲು ನಿಂತವರೆಲ್ಲ ನಕ್ಕರಂತೆ.

ನಾನು ಶಾಲೆಯಿಂದ ಬಂದಾಗ ಅಪ್ಪ ಅಡುಗೆಮನೆಯಲ್ಲಿ ನಿಂತಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಹಿಟ್ಟಿನ ಮೇಲೆ ಇದ್ದಾಗಲೇ ಅವನು ಬೆನ್ನಿಗೆ ಒದ್ದ. ಅವಳ ಮುಖ ಹಿಟ್ಟು ನಾದುವ ಕೊಮ್ಮಣಿಗೆಗೆ ಹೋಗಿ ಬಡಿಯಿತು. ಹಿಟ್ಟಿನಲ್ಲಿ ರಕ್ತ ಕಂಡಿತು.

“ಕೇರಿಗೆ ಕೇರಿನ ಬಡದ್ರೂ ನಾ ಬಗ್ಗಲಿಲ್ಲ. ನೀ ನನ್ನ ಮಾನ ಒಲಿಯಾಗ ಹಾಕಿ ಸುಟ್ಟಿ!” ಎಂದು ಕೂಗುತ್ತಿದ್ದ.

“ನಿಮ್ಮ ಕೈ ಸಲುವಾಗಿ ಹಚ್ಚಿದ್ನಿರಿ” ಅಂದಳು ಅವ್ವ, ಮೂಗು ಒರೆಸಿಕೊಳ್ಳುತ್ತ.

“ನನ್ನ ಕೈಗೆ ನಿನ್ನ ದೇವಿ ಬೇಕಾಗಿಲ್ಲ. ಕುಂಕುಮ ಅಳಿಸು. ಇವತ್ತಿಂದ ನಾ ಹೆಂಗೋ ನೀನೂ ಹಂಗ.”

ಅವ್ವ ಎದ್ದು ನಿಂತಳು. ಅವಳು ಅವನನ್ನು ಯಾವತ್ತೂ ‘ರೀ’ ಎನ್ನದೆ ಮಾತಾಡಿಸಿದವಳಲ್ಲ. ಅವತ್ತು ಅಂದಳು: “ನೀ ಅವ್ರ ಮುಂದ ಬಗ್ಗಲಿಲ್ಲ. ನಾ ನಿನ್ನ ಮುಂದ ಯಾಕ ಬಗ್ಗಬೇಕು?”

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಪ್ಲಾಸ್ಟರಿನ ಕೈಯಿಂದ ಅವಳ ಕುತ್ತಿಗೆಯನ್ನು ಗೋಡೆಗೆ ಒತ್ತಿದ. ಬಲಗೈಯಿಂದ ನೆಲದ ಗೋಣಿಚೀಲ ಎತ್ತಿ ಅವಳ ಹಣೆ ಉಜ್ಜತೊಡಗಿದ. ಕುಂಕುಮ ಹೋಯಿತು. ಕೆಳಗೆ ಹಚ್ಚೆಯ ಹಸಿರು ಬೊಟ್ಟು ಇತ್ತು, ಚಿಕ್ಕವಳಿದ್ದಾಗ ಅವಳ ಅವ್ವ ಹಾಕಿಸಿದ್ದು. ಅದು ಹೋಗಲಿಲ್ಲ. ಅದು ಹೋಗದ್ದಕ್ಕೆ ಇನ್ನಷ್ಟು ಉಜ್ಜಿದ. ಗೋಣಿಯ ಒರಟು ದಾರ ಚರ್ಮ ಕಿತ್ತಿತು. ಚರ್ಮದಡಿಯ ಕೆಂಪು ಮಾಂಸ ಕಂಡಿತು. ರಕ್ತ ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿತ್ತು. ಅವ್ವ ಕೂಗಲಿಲ್ಲ, ಅವನ ಪ್ಲಾಸ್ಟರಿನ ತುದಿಯ ಬೆರಳುಗಳನ್ನು ಬಾಯಿಗೆ ಎಳೆದುಕೊಂಡು ಕಚ್ಚಿದಳು. ಅವನು ಕೈ ಕಿತ್ತುಕೊಂಡು, ಗೂಡಿನ ಹಿತ್ತಾಳೆ ಮುಖವನ್ನು ಒರಳಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದ. ಮೂಗು ಚಪ್ಪಟೆಯಾಯಿತು, ಒಂದು ಕಣ್ಣು ಒಳಗೆ ಹೋಯಿತು. ನಾನು ಅವನ ಕಾಲು ಹಿಡಿದಿದ್ದೆ. ನನ್ನನ್ನು ಝಾಡಿಸಿ ಒದ್ದು, ಉಸಿರು ಸಾಲದೆ ಹೊಸ್ತಿಲ ಮೇಲೆ ಕುಳಿತ.

ಗಲಾಟೆ ಕೇಳಿ ದೊಡ್ಡಪ್ಪ ಬಂದ. ಅವ್ವನ ಹಣೆ ನೋಡಿದ. ಅವನ ಮುಖದಲ್ಲಿ ಕನಿಕರ ಇತ್ತೋ ಇಲ್ಲವೋ, ನನಗೆ ಕಂಡದ್ದು ಹಿಗ್ಗು. “ನೋಡವಾ ತಂಗಿ, ಇಂವ ಧರ್ಮ ಬಿಟ್ಟು ಹುಚ್ಚ ಆಗ್ಯಾನ. ನೀ ನಮ್ಮ ಮನಿಗಿ ಬಾ. ನಾಳೆ ಗುಡಿ ಮುಂದ ಕುಂತು ಎಲ್ಲಾರ ಮುಂದ ಹೇಳು, ದೇವೀನ್ನ ಬಿಟ್ಟಾಂವ ನನ್ನ ಗಂಡ ಅಲ್ಲ ಅಂತ. ಮುಂದಿನ ವಾರ ನಿನ್ನ ಹೆಸರ್ಲೆ ಒಂದ ಕುರಿ ಕೊಡೂಣು. ಕೇರಿ ನಿನ್ನ ಕೈ ಬಿಡೂದಿಲ್ಲ” ಅಂದ.

ಅವ್ವ ಸೊಟ್ಟಗಾದ ಮುಖವನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. “ಭಾವಾರ, ಅವತ್ತ ನನ್ನ ಹೊಟ್ಟಿಗೆ ಒದ್ದವ್ರೂ ನೀವ ಅಲ್ಲೇನ್ರಿ?” ಎಂದಳು. “ಈ ದೇವಿ ನಂದು. ನಿಮ್ಮ ಕೇರಿದಲ್ಲ. ನನ್ನ ಕಡೆ ಅಕಿ ಯಾವತ್ತೂ ಕುರಿ ಕೇಳಿಲ್ಲ.”

“ಹಂಗಾರ ಎತ್ಲಾಗೂ ಇಲ್ದಂಗ ಸಾಯಿ” ಎಂದು ದೊಡ್ಡಪ್ಪ ಉಗುಳಿದ. ಉಗುಳು ಅವಳ ಕಾಲ ಬಳಿ ಬಿತ್ತು.

ಅವತ್ತೇ ಸಂಜೆಯ ಬಸ್ಸಿಗೆ ಅವ್ವ ನನ್ನನ್ನು ಕರೆದುಕೊಂಡು ಸವಣೂರಿಗೆ ಹೊರಟಳು. ಅಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ವೀಳ್ಯದೆಲೆಯ ತೋಟದಲ್ಲಿ ಎಲೆ ಆರಿಸಿ ಕಟ್ಟು ಕಟ್ಟುವ ಕೆಲಸ ಮಾಡುತ್ತಿದ್ದಳು. ಹೊಸ್ತಿಲ ಮೇಲೆ ಕುಳಿತಿದ್ದ ಅಪ್ಪನನ್ನು ದಾಟಿಯೇ ಹೋಗಬೇಕಿತ್ತು. ಅವನು ಏಳಲಿಲ್ಲ, ತಡೆಯಲೂ ಇಲ್ಲ. ಅವ್ವ ಸೀರೆಯ ನಿರಿಗೆ ಎತ್ತಿ ಅವನ ಮೊಣಕಾಲು ದಾಟಿದಳು.

ಸವಣೂರಿನಲ್ಲೂ ನೆಮ್ಮದಿ ಸುಮ್ಮನೆ ಸಿಗಲಿಲ್ಲ. ಅವ್ವನ ಹಣೆ ಕೀವು ತುಂಬಿ ಊದಿತು. ಅದರ ಮೇಲೆ ಅರಿಶಿನ ಮೆತ್ತಿ, ಬಟ್ಟೆ ಕಟ್ಟಿಕೊಂಡು ಎಲೆ ಕಟ್ಟಲು ಕುಳಿತಳು. ತೋಟದ ಹೆಂಗಸರು ಕೆದಕಿ ಕೆದಕಿ ಕೇಳಿದರು. ದೊಡ್ಡವ್ವನಿಗೆ ದಿನಾ ಒಂದೇ ಚಿಂತೆ. “ಗಂಡಸು, ಸಿಟ್ಟಿನ್ಯಾಗ ಹೊಡದಾನ. ಅಂವ ಹೇಳಿದಂಗ ಇದ್ದಬಿಡು. ಒಂದ ಕುಂಕುಮಕ್ಕ ಯಾರರ ಸಂಸಾರ ಮುರಕೊಂತಾರೇನ?” ಅಂದಳು.

“ಒಂದ ಕುಂಕುಮಕ್ಕ ಯಾರರ ಹೆಂಡ್ತಿ ಹಣಿ ಸುಲೀತಾರೇನ?” ಎಂದು ಅವ್ವ ತಲೆ ಎತ್ತದೆ ಕೇಳಿದಳು.

ಗಾಯ ಮಾಯ್ದ ಮೇಲೆ ಹಚ್ಚೆಯ ಜಾಗದಲ್ಲಿ ಬಿಳಿಯ ಕಲೆ ಉಳಿಯಿತು, ನಡುವೆ ಹಸಿರಿನ ಚೂರು. ಅದರ ಮೇಲೆಯೇ ಮತ್ತೆ ಕುಂಕುಮ ಇಟ್ಟಳು. ಸುಟ್ಟಂತೆ ಉರಿಯುತ್ತದೆ ಎನ್ನುತ್ತಲೇ ಇಟ್ಟಳು.

ಅಪ್ಪ ಬಂದದ್ದು ಮಾಗಿಯ ಹೊತ್ತಿಗೆ. ಸವಣೂರಿನ ಶಾಲೆ ಸೇರಿದ್ದ ನನಗೆ ಅವತ್ತು ರಜೆ ಇತ್ತು. ಎಲೆಬಳ್ಳಿಗಳ ಸಾಲಿನಲ್ಲಿ ನಿಂತು ಕೆಳಗಿನ ಎಲೆ ಕೊಯ್ಯುತ್ತಿದ್ದೆ. ಎಲೆ ಕೊಯ್ಯುವವರು ಹೆಬ್ಬೆರಳಿಗೆ ತಗಡಿನ ಚೂಪಾದ ಉಗುರು ಸಿಕ್ಕಿಸಿಕೊಳ್ಳುತ್ತಾರೆ. ನನ್ನ ಬೆರಳಲ್ಲೂ ಇತ್ತು. ಅಪ್ಪನ ಕೈ ಕೂಡಿತ್ತು, ಆದರೆ ಮಣಿಕಟ್ಟು ಸೊಟ್ಟಗಿತ್ತು. ಕುಡಿದಿರಲಿಲ್ಲ. ಮೆತ್ತಗೆ ಕೇಳಿದ: “ಮನಿಗಿ ನಡಿ. ನನಗ ಅಲ್ಲಿ ಒಬ್ಬಾವಗ ಇರಾಕ ಆಗವಲ್ದು. ಕೇರಿ ಮಂದಿ ನೋಡಿ ನೋಡಿ ನಗಾಕತ್ತಾರ.”

“ಕುಂಕುಮ ಇಟ್ಕೊಂಡ ಬರ್ತೇನಿ. ದೇವೀನ್ನೂ ತರ್ತೇನಿ” ಅಂದಳು ಅವ್ವ. “ನಡೀತೈತೇನು?”

ಅವನು ಅವಳ ಹಣೆಯನ್ನೇ ನೋಡುತ್ತ ನಿಂತ. ತಾನು ಮಾಡಿದ ಕಲೆ ಅವನಿಗೆ ಕಾಣುತ್ತಿತ್ತು, ಅದರ ಮೇಲಿನ ಕೆಂಪೂ ಕಾಣುತ್ತಿತ್ತು. ಏನಾಯಿತೋ, ಥಟ್ಟನೆ ಅವಳ ಜಡೆಗೆ ಕೈ ಹಾಕಿದ. “ನನಕಿಂತ ಅದ ಹೆಚ್ಚೇನು?” ಎನ್ನುತ್ತ ಎಲೆಗಳ ರಾಶಿಯ ಮೇಲಿಂದ ದರದರ ಎಳೆದ. ಕಟ್ಟಿದ ಎಲೆಗಳೆಲ್ಲ ಚೆಲ್ಲಿದವು. ಅವ್ವನ ತಲೆ ನೀರಿನ ಕಾಲುವೆಯ ಕಲ್ಲಿಗೆ ಬಡಿಯಿತು. ಹೆಂಗಸರು ಕೂಗಿದರು, ಯಾರೂ ಹತ್ತಿರ ಬರಲಿಲ್ಲ. ಗಂಡ ಹೆಂಡತಿ ನಡುವೆ ಹೋಗಬಾರದು ಎಂಬ ಪದ್ಧತಿ ಅಲ್ಲೂ ಇತ್ತು.

ನಾನು ಹೋದೆ. ಯೋಚಿಸಿ ಹೋದದ್ದಲ್ಲ. ಹಿಂದಿನಿಂದ ಅವನ ಬೆನ್ನೇರಿ, ತಗಡಿನ ಉಗುರಿನ ಹೆಬ್ಬೆರಳನ್ನು ಅವನ ಕೆನ್ನೆಯಲ್ಲಿ ಊರಿ ಎಳೆದೆ. ಕಣ್ಣಿನ ಕೆಳಗಿನಿಂದ ಗದ್ದದವರೆಗೆ. ಎಲೆಯ ತೊಟ್ಟು ಕಡಿದಷ್ಟೇ ಸಲೀಸಾಗಿ ಹರಿಯಿತು. ಬಿಸಿ ರಕ್ತ ನನ್ನ ಮಣಿಕಟ್ಟಿಗೆ ಹರಿದು ಬಂತು. ಅಪ್ಪ ಜಡೆ ಬಿಟ್ಟ. ಕೆನ್ನೆ ಹಿಡಿದುಕೊಂಡು ತಿರುಗಿ ನನ್ನ ಕಡೆ ನೋಡಿದ. ಹೊಡೆಯುತ್ತಾನೆ ಎಂದು ಮತ್ತೆ ಕೈ ಎತ್ತಿದೆ.

“ಇನ್ನೊಮ್ಮೆ ಅಕಿನ್ನ ಮುಟ್ಟಿದ್ರ ಕಣ್ಣ ಕೀಳ್ತೇನಿ ಅಪ್ಪಾ” ಅಂದೆ. ಹೆದರಿಕೆಯೂ ಇತ್ತು, ಆ ಗಳಿಗೆಯಲ್ಲಿ ನಿಜವಾಗಿಯೂ ಕೀಳುವ ಆಸೆಯೂ ಇತ್ತು.

ಅವನು ಹೊಡೆಯಲಿಲ್ಲ. ದೊಡ್ಡವ್ವ ಅಷ್ಟರಲ್ಲಿ ಎಲೆ ಕೊಯ್ಯುವ ಏಣಿಯನ್ನೇ ಎತ್ತಿಕೊಂಡು ನಡುವೆ ಬಂದು ನಿಂತಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಅಪ್ಪ ಟವೆಲ್ಲಿನಿಂದ ಕೆನ್ನೆ ಒತ್ತಿಕೊಂಡು ಹೊರಟುಹೋದ. ಅವನು ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಸ್ಸು ಹತ್ತಿದ ಎಂದು ಆಮೇಲೆ ತಿಳಿಯಿತು. ಅವ್ವ ಕಾಲುವೆಯ ನೀರಿನಲ್ಲಿ ತಲೆ ತೊಳೆದುಕೊಂಡು, ಚೆಲ್ಲಿದ ಎಲೆಗಳನ್ನು ಮತ್ತೆ ಆರಿಸಲು ಕುಳಿತಳು. ಹರಿದವನ್ನು ಒಂದು ಕಡೆ ಹಾಕಿದಳು. ನನ್ನ ಹೆಬ್ಬೆರಳಿನ ತಗಡನ್ನು ತಾನೇ ಕಳಚಿ, ನನ್ನ ಕೈಯನ್ನು ನೀರಲ್ಲಿ ಅದ್ದಿ ತೊಳೆದಳು.

ಅಪ್ಪ ಮತ್ತೆ ಬಂದದ್ದು ಬಹಳ ದಿನಗಳ ಮೇಲೆ. ತೋಟದ ಬೇಲಿಯ ಹೊರಗೇ ನಿಂತ. ಒಳಗೆ ಬಾ ಎಂದು ಅವ್ವ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನನ್ನ ಶಾಲೆಗೆಂದು ಸ್ವಲ್ಪ ದುಡ್ಡು ಕೊಟ್ಟು ಹೋದ. ಆಮೇಲೆ ಹಾಗೆ ಬರುವುದು ರೂಢಿಯಾಯಿತು. ಮೊದಲು ಬೇಲಿ, ನಂತರ ನಾವು ಹಿಡಿದ ಬಾಡಿಗೆ ಮನೆಯ ಅಂಗಳ, ನಂತರ ಕಟ್ಟೆ. ತಪ್ಪಾಯಿತು ಎಂದು ಅವನು ಯಾವತ್ತೂ ಹೇಳಲಿಲ್ಲ. ಅವ್ವ ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾಳೆ. ಅವಳೂ ಮರಳಿ ಆ ಮನೆಗೆ ಹೋಗಲಿಲ್ಲ. ಕೇರಿಯವರಿಗೂ ಅವನು ಇಂದಿನವರೆಗೆ ಪಟ್ಟಿ ಕೊಟ್ಟಿಲ್ಲ, ಹಲಗೆ ಮುಟ್ಟಿಲ್ಲ. ಈಗ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸ ಅವನದು. ಕೆನ್ನೆಯ ಗೀರು ನೋಡಿ ಯಾರಾದರೂ ಏನಾಯಿತು ಎಂದು ಕೇಳಿದರೆ, “ಮಗಳು ಗೀರಿದ್ಲು” ಎನ್ನುತ್ತಾನೆ. ಯಾಕೆ ಎಂದು ಕೇಳಿದರೆ ಅದನ್ನೂ ಹೇಳುತ್ತಾನೆ. ನನ್ನ ಎದುರೇ ಒಮ್ಮೆ ಬಸ್ಸಿನಲ್ಲಿ ಹೇಳಿದ್ದಾನೆ.

ನಾನು ಈಗ ಸವಣೂರಿನಿಂದ ಶಿಗ್ಗಾವಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತೇನೆ. ಹೋದ ವರ್ಷ ಹಿರೇಕೆರೂರ ತಾಲೂಕಿನಿಂದ, ಅಬಲೂರಿನ ಕಡೆಯಿಂದ, ನನ್ನನ್ನು ನೋಡಲು ಒಂದು ಮನೆಯವರು ಬಂದರು. ಅಪ್ಪನೂ ಬಂದಿದ್ದ. ಹುಡುಗನ ಸೋದರಮಾವ ಅವ್ವನ ಹಣೆ ನೋಡಿದ, ಅಪ್ಪನ ಬಿಳಿ ಅಂಗಿ ನೋಡಿದ. “ಲಗ್ನ ಯಾವ ಪದ್ಧತಿಲೆ ಮಾಡೂದ್ರಿ? ದೇವ್ರ ಮುಂದೋ, ನಿಮ್ಮ ಬುದ್ಧನ ಮುಂದೋ? ಒಂದ ಮನ್ಯಾಗ ಹಿಂಗ ಎರಡ ಇದ್ರ ನಾಳೆ ನಮಗ ತ್ರಾಸ ಆಕ್ಕೈತ್ರಿ” ಎಂದ.

ಅಪ್ಪ ಉತ್ತರ ಹೇಳುತ್ತಾನೆ ಎಂದು ನಾನು ಹಲ್ಲು ಕಚ್ಚಿ ಕುಳಿತೆ. ಅವನು ಸೊಟ್ಟ ಕೈಯಿಂದ ನನ್ನ ಕಡೆ ತೋರಿಸಿದ. “ಅಕಿನ್ನ ಕೇಳ್ರಿ” ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. “ನನಗ ಕೈ ಎತ್ತೂ ಮನಿ ಬ್ಯಾಡ್ರಿ” ಅಂದೆ. “ಅದೊಂದ ಇಲ್ಲಂದ್ರ ಪದ್ಧತಿ ಯಾವ್ದ ಇದ್ರೂ ನಡೀತೈತಿ.”

ಹುಡುಗ ನೆಲ ನೋಡಿದ. ಸೋದರಮಾವ, “ಮಾತು ಭಾಳ ಖಡಕ್ ಅದಾವು” ಎಂದು ನಕ್ಕ. ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ. ಅವತ್ತು ಉಳಿದ ಅವಲಕ್ಕಿಯನ್ನು ನಾವು ಮೂವರೂ ತಿಂದೆವು, ಅವ್ವ ಒಳಗೆ ಕುಳಿತು, ಅಪ್ಪ ಕಟ್ಟೆಯ ಮೇಲೆ, ನಾನು ಬಾಗಿಲಲ್ಲಿ. ಅಕ್ಕಿಆಲೂರಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಅಪ್ಪ ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟ.